ಮಾವನ ಮಂಡೆಯಲ್ಲಿದ್ದ ಹುಲಿ

ನೆನಪಿನ ವಿಷಯದಲ್ಲಿ ನಾನು ತುಂಬ ಅನುಮಾನದ ಮನುಷ್ಯ. ಬೇರೆಯವರ ನೆನಪನ್ನು ಹೇಗೋ ನಂಬಿಬಿಡುತ್ತೇನೆ, ನನ್ನದನ್ನು ನಂಬುವುದಿಲ್ಲ. ಕಾಲೇಜಿನ ದಿನಗಳಿಂದ ದಿನಚರಿ ಬರೆಯುತ್ತ ಬಂದಿರುವುದೂ ಅದಕ್ಕೇ. ಆದರೆ ದಿನಚರಿ ಬರೆಯುವುದು ಸಂಜೆ ಕಾಫಿಯ ಹೊತ್ತಿಗೆ. ಅಷ್ಟರಲ್ಲಿ ಬೆಳಗಿನ ಜಗಳದಲ್ಲಿ ನಾನು ಆಡಿದ ಮಾತೂ ಆಡಬೇಕೆಂದಿದ್ದ ಮಾತೂ ಚೆನ್ನಾಗಿ ಬೆರೆತುಹೋಗಿರುತ್ತವೆ. ದಿನಚರಿಯಲ್ಲಿ ಎಲ್ಲ ಜಗಳಗಳನ್ನೂ ನಾನೇ ಗೆದ್ದಿದ್ದೇನೆ. ನನ್ನ ಹೆಂಡತಿ ಸುಗುಣ ಒಮ್ಮೆ ನಾಲ್ಕು ಪುಟ ಓದಿ, "ಇದು ಯಾರ ಮನೆ ಮಾರಾಯ್ರೆ? ನನಗೂ ಅಲ್ಲಿ ಒಂದು ದಿನ ಇದ್ದು ಬರ್ಬೇಕು ಅಂತ ಉಂಟು" ಎಂದಿದ್ದಳು.

ಇಂಥ ನಾನು ಜೀವನದಲ್ಲಿ ಎಂದೂ ಅನುಮಾನಿಸದೇ ಇದ್ದ ಸಂಗತಿ ಒಂದೇ: ಸಂಜೀವ ಮಾವನ ಮಂಡೆಯಲ್ಲಿ ನಿಜವಾದ ಹುಲಿಯ ಕೂದಲಿದೆ ಎಂಬುದು. ಮಂಡೆ ಎಂದರೆ ಹುಲಿವೇಷದವರು ತಲೆಗೆ ಕಟ್ಟಿಕೊಳ್ಳುವ ಹುಲಿಮುಖ. ಸಂಜೀವ ಮಾವ ನನ್ನ ತಾಯಿಯ ತಮ್ಮ, ಕಾಪುವಿನವರು. ಒಂದು ಕಾಲದಲ್ಲಿ ಅಷ್ಟಮಿ ಬಂತೆಂದರೆ ಉಡುಪಿಯ ಬೀದಿಯಲ್ಲಿ ಅವರದೇ ಹೆಸರು. ಬೈಹುಲ್ಲಿನಲ್ಲಿ ಬಿಗಿದ ಮೂಟೆಭಾರದ ಅಕ್ಕಿಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ಎತ್ತಿ ತಲೆಯ ಮೇಲಿಂದ ಹಿಂದಕ್ಕೆ ಎಸೆಯುತ್ತಿದ್ದರು. ಈಗ ಮಾವನಿಗೆ ಚಕ್ಕುಲಿಯೇ ಕಷ್ಟ. ಮಂಡೆಗೆ ಎಲ್ಲರೂ ಅಂಟಿಸುವುದು ಕುರಿಯ ಕೂದಲನ್ನೇ. ಆದರೆ ನಮ್ಮ ಮಂಡೆ ಅಂಥದ್ದಲ್ಲ. ಮಾವನ ಮಾವನ ಮಾವ ಕಾರ್ಕಳದ ಕಾಡಿನಲ್ಲಿ ಹುಲಿಯನ್ನು ಎದುರಿಸಿ, ಅದರ ಕೂದಲು ತಂದು ಕಟ್ಟಿದ್ದು. ನನ್ನ ಬಾಲ್ಯದಲ್ಲಿ ಕೇಳಿದ ಕಥೆಯಲ್ಲಿ ಆ ಅಜ್ಜನಿಗೆ ಸಿಗುವಾಗಲೇ ಹುಲಿ ಸತ್ತಿತ್ತು ಎಂದು ನೆನಪು. ನಾನು ಪಿಯುಸಿಗೆ ಬರುವಾಗ ಕಥೆಯಲ್ಲಿ ಅಜ್ಜನೇ ಅದನ್ನು ಕೊಂದಿದ್ದರು. ನನಗೆ ಕೆಲಸ ಸಿಗುವ ಹೊತ್ತಿಗೆ ಬರಿಗೈಯಲ್ಲಿ ಕೊಂದಿದ್ದರು.

ಅಳಿಯಸಂತಾನದ ಕುಟುಂಬವಾದ್ದರಿಂದ ಮಂಡೆ ಮಾವನಿಂದ ಅಳಿಯನಿಗೆ ಬರುತ್ತದೆ. ಲೆಕ್ಕದ ಪ್ರಕಾರ ಮುಂದಿನ ಹುಲಿ ನಾನು. ಮಣಿಪಾಲದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕನಾಗಿರುವ, ಮೆಟ್ಟಿಲು ಹತ್ತುವಾಗ ಮಧ್ಯೆ ನಿಂತು ನೋಟಿಸ್ ಬೋರ್ಡ್ ಓದುವವನಂತೆ ನಟಿಸುವ ನಾನು.

ತೊಂದರೆ ಶುರುವಾದದ್ದು ಕಾಪುವಿನ ಯುವಕ ಮಂಡಲವೊಂದು ಮಾವನನ್ನು ಸನ್ಮಾನಿಸಲು ಹೊರಟಾಗ. ಬ್ಯಾನರಿನಲ್ಲಿ ಮಾವನ ಚಿತ್ರಕ್ಕಿಂತ ದೊಡ್ಡದಾಗಿ "ನೈಜ ಹುಲಿಕೂದಲಿನ ಮಂಡೆಯ ಪ್ರದರ್ಶನ" ಎಂದು ಹಾಕಿಸುತ್ತೇವೆ ಎಂದರು. ಮಾವ ಹಿಗ್ಗಿದರು. ನನಗೆ ಮಾತ್ರ ಓದಿದವನ ಕೆಟ್ಟ ಚಾಳಿ.

"ಮಾವ, ಹುಲಿಯ ಕೂದಲು ಇಟ್ಟುಕೊಳ್ಳುವುದು ಈಗ ಅಪರಾಧ. ಮುಖ್ಯ ಅತಿಥಿ ಯಾರು ಗೊತ್ತುಂಟಾ? ಅರಣ್ಯ ಇಲಾಖೆಯ ಅಧಿಕಾರಿ."

"ಅಜ್ಜ ಹುಲಿ ಕೊಲ್ಲುವಾಗ ಇಲಾಖೆ ಎಲ್ಲಿತ್ತು ಮಾರಾಯ?"

"ಇಲಾಖೆ ಈಗ ಉಂಟಲ್ಲ. ಅವರು ಬರುವುದೂ ಈಗ."

"ಹಾಗಾದ್ರೆ ಹುಲಿ ಅಲ್ಲ ಅಂತ ಹೇಳ್ಬೇಕಾ? ಮೂವತ್ತು ವರ್ಷ ಆ ಮಂಡೆ ಕಟ್ಟಿದಾಗೆಲ್ಲ ನನ್ನ ಮೈಗೆ ಹುಲಿ ಬಂದದ್ದು ಸುಳ್ಳಾ?" ಅದನ್ನು ಕೇಳಿದ ಮೇಲೆ ನಾನು ಬಾಯಿ ಮುಚ್ಚಬೇಕಿತ್ತು. ಮುಚ್ಚದೆ, "ಪರೀಕ್ಷೆ ಮಾಡಿಸುವಾ" ಎಂದೆ.

ಪರೀಕ್ಷೆ ಮಾಡುವವರು ನನ್ನ ಗ್ರಂಥಾಲಯಕ್ಕೇ ಬರುತ್ತಿದ್ದರು. ಡಾಕ್ಟರ್ ಐರಿನ್ ಕಲ್ಯಾಣಪುರದ ಹುಡುಗಿ. ಹಳೆಯ ಎಲುಬು, ಕೊಂಬು, ಚರ್ಮ, ಕೂದಲುಗಳಿಂದ ಡಿಎನ್‌ಎ ತೆಗೆದು, ಈಗಿನ ಪ್ರಾಣಿಗಳ ಡಿಎನ್‌ಎ ಜೊತೆ ಹೋಲಿಸಿ, ಯಾವ ಸಸ್ತನಿ ಯಾವುದರಿಂದ ಯಾವಾಗ ಕವಲೊಡೆಯಿತು, ಎಲ್ಲಿಂದ ಎಲ್ಲಿಗೆ ನಡೆಯಿತು ಎಂದು ಹುಡುಕುವುದು ಅವರ ಕೆಲಸ. ಹಳೆಯ ಚರ್ಮ ಕಂಡರೆ ಬಿಡುವವರಲ್ಲ. ಒಡೆದ ಚೆಂಡೆ, ಎಮ್ಮೆಯ ಕೊಂಬು, ಏನಾದರೂ ಸರಿ. ಮಂಡೆಯ ಸುದ್ದಿ ಹೇಳಿದಾಗ ಅವರ ಮುಖ ಚಿನ್ನದಂಗಡಿಯ ಮುಂದೆ ನಿಂತವರ ಹಾಗಾಯಿತು. ಜೊತೆಗೇ ಒಂದು ಮಾತನ್ನೂ ಹೇಳಿದರು: "ಆದರೆ ಸರ್, ಹುಲಿ ಅಂತ ಬಂದರೆ ನಾನು ಇಲಾಖೆಗೆ ತಿಳಿಸ್ಲೇಬೇಕು."

ಹುಲಿಯಾದರೆ ಮಾವನಿಗೆ ಕೇಸು, ಅಲ್ಲದಿದ್ದರೆ ಮಾವನ ಮಾನ ಹೋಯಿತು. ಎರಡರ ನಡುವೆ ಮಂಡೆಯನ್ನು ಮಡಿಲಲ್ಲಿಟ್ಟುಕೊಂಡು ನಾನು ಕಾಪುವಿನಿಂದ ಮಣಿಪಾಲಕ್ಕೆ ಹೋದೆ, ಜೊತೆಗೆ ಮಾವ. ಮಂಡೆಗೆ ಧೂಳು ತಾಗಬಾರದೆಂದು ಅದನ್ನು ನನ್ನ ಉಣ್ಣೆಯ ಶಾಲಿನಲ್ಲಿ ಸುತ್ತಿದ್ದೆ. ಎಲ್ಲೂರಿನಲ್ಲಿ ಓದುವ ಹವ್ಯಾಸದ ಬಗ್ಗೆ ಭಾಷಣ ಮಾಡಿದ್ದಕ್ಕೆ ಹೊದಿಸಿದ ಶಾಲು ಅದು. ಐರಿನ್ ನೋಡಿದವರೇ ತಲೆಯ ಮೇಲೆ ಕೈಯಿಟ್ಟರು.

"ಎಂತ ಮಾಡಿದ್ರಿ ಸರ್! ಉಣ್ಣೆ ಅಂದ್ರೆ ಕುರಿ ಅಲ್ವಾ? ಈಗ ಕುರಿ ಅಂತ ಬಂದರೆ ಅದು ಮಂಡೆಯದ್ದಾ ನಿಮ್ಮ ಶಾಲಿನದ್ದಾ ಅಂತ ಹೇಗೆ ಹೇಳುವುದು? ಶಾಲನ್ನೂ ಇಲ್ಲಿ ಬಿಟ್ಟು ಹೋಗಿ. ಮತ್ತೆ ಮುಟ್ಟಿದವರೆಲ್ಲ ಕೆನ್ನೆ ಒಳಗಿನ ಎಂಜಲು ಕೊಡಿ. ಹಳೇ ವಸ್ತುವಿನಲ್ಲಿ ಮೊದಲು ಸಿಗುವ ಪ್ರಾಣಿ ಮನುಷ್ಯ."

ಬಾಯಿಯೊಳಗೆ ಹತ್ತಿ ಉಜ್ಜಿಸಿಕೊಳ್ಳುತ್ತ ಮಾವ ಅನುಮಾನದಿಂದ ಕೇಳಿದರು: "ಕೂದಲಿನಲ್ಲಿ ಜಾತಿ ಬರೆದಿರ್ತದಾ ಬಾಯಮ್ಮ?"

"ಜಾತಿ ಅಲ್ಲ ಅಂಕಲ್. ಕೂದಲಿನಲ್ಲಿ ಹೆಚ್ಚಾಗಿ ಉಳಿಯುವುದು ತಾಯಿಯಿಂದ ಮಕ್ಕಳಿಗೆ ಬರುವ ಡಿಎನ್‌ಎ. ತಾಯಿಗೆ ಅವಳ ತಾಯಿಯಿಂದ, ಅವಳಿಗೆ ಅವಳ ತಾಯಿಯಿಂದ. ತಂದೆದು ಅದರಲ್ಲಿ ಬರುವುದಿಲ್ಲ."

ಮಾವನ ಮುಖ ಅರಳಿತು. "ಅಯ್ಯೋ, ಅದು ನಮ್ಮ ಕುಲದ ಬಳಿಯ ಹಾಗೇ ಅಲ್ವಾ! ನಮ್ಮಲ್ಲಿಯೂ ಬಳಿ ತಾಯಿದೇ. ಹುಲಿಗೂ ಅಳಿಯಸಂತಾನವಾ? ಜಯಂತ, ಕೇಳಿದ್ಯಾ? ಪಾಪ, ಒಳ್ಳೇ ಕುಟುಂಬದ್ದು."

ಐರಿನ್ ನಕ್ಕು, "ಚಿರತೆ ಅಂತಲೂ ಬರಬಹುದು ಅಂಕಲ್" ಎಂದರು.

"ಚಿರತೆಯಾ?" ಮಾವನಿಗೆ ಅವಮಾನವಾಯಿತು. "ಕಾರ್ಕಳದಲ್ಲಿ ಕೋಳಿಗೂಡಿಗೆ ಬಂದು ಬಾವಿಗೆ ಬೀಳ್ತದಲ್ಲ, ಅದಾ? ಅದಕ್ಕಿಂತ ಕುರಿ ಆಗ್ಬಹುದು."

ಫಲಿತಾಂಶಕ್ಕೆ ಕಾಯುವ ದಿನಗಳಲ್ಲಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಚಿಕ್ಕವನಿದ್ದಾಗ ಆ ಮಂಡೆಯಲ್ಲಿ ಹಳದಿ ಕಪ್ಪು ಪಟ್ಟೆಯ ಕೂದಲನ್ನು ಕಣ್ಣಾರೆ ಕಂಡಿದ್ದೇನಲ್ಲ ಎಂದು ಧೈರ್ಯ ತಂದುಕೊಳ್ಳುತ್ತಿದ್ದೆ. ಆಮೇಲೆ, ಪಟ್ಟೆ ಕಂಡದ್ದು ಮಂಡೆಯಲ್ಲೋ ಪಠ್ಯಪುಸ್ತಕದಲ್ಲೋ ಎಂಬ ಸಂಶಯ. ಮರುಕ್ಷಣ, ಹುಲಿಯೇ ಆಗಿದ್ದರೆ ಮಾವನನ್ನು ಜಾಮೀನಿನ ಮೇಲೆ ಬಿಡಿಸಲು ಗ್ರಂಥಪಾಲಕನ ಸಹಿ ನಡೆಯುತ್ತದೋ ಎಂಬ ಚಿಂತೆ. ಸುಗುಣ ಮಾತ್ರ ಶಾಂತವಾಗಿದ್ದಳು. "ಮಂಡೆ ಅದರ ಪಾಡಿಗೆ ಅಟ್ಟದಲ್ಲಿ ಇತ್ತು. ನಿಮ್ಮ ಮಂಡೆಯನ್ನು ಪರೀಕ್ಷೆ ಮಾಡಿಸಿದ್ರೆ ಸಾಕಿತ್ತು."

ಸನ್ಮಾನದ ಹಿಂದಿನ ದಿನ ಐರಿನ್ ಕಾಪುವಿಗೇ ಬಂದರು. ಮಾವ ಜಗಲಿಯಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿ, ಜೈಲೋ ಜಯವೋ ಎಂಬಂತೆ ಕೂತಿದ್ದರು.

"ಕುರಿ ಅಂಕಲ್," ಎಂದರು ಐರಿನ್. "ಎಲ್ಲ ಕಡೆಯಿಂದ ತೆಗೆದು ನೋಡಿದೆ. ಪೂರ್ತಿ ಕುರಿ."

ಮಾವ ಅಂಗಿಯ ಮೇಲಿನ ಗುಂಡಿಯನ್ನು ಬಿಚ್ಚಿದರು. ಅಷ್ಟು ದೊಡ್ಡ ಮನುಷ್ಯ ಕುರ್ಚಿಯಲ್ಲಿ ಅಷ್ಟು ಸಣ್ಣದಾಗಿ ಕೂತದ್ದನ್ನು ನಾನು ನೋಡಿರಲಿಲ್ಲ. ನಾನು ಅವಸರದಿಂದ, "ನನ್ನ ಶಾಲಿನ ಕುರಿ ಇರಬೇಕು" ಎಂದೆ.

"ಇಲ್ಲ ಸರ್. ನಿಮ್ಮ ಶಾಲಿನಲ್ಲಿ ಯಾವ ಪ್ರಾಣಿಯೂ ಇಲ್ಲ. ಅದು ಪ್ಲಾಸ್ಟಿಕ್ ನೂಲು." ಐರಿನ್ ಮಾವನ ಕಡೆ ತಿರುಗಿ ಉತ್ಸಾಹದಿಂದ ಮುಂದುವರಿದರು: "ಅಂಕಲ್, ಬೇಜಾರು ಮಾಡ್ಬೇಡಿ. ಇದು ಸಾಮಾನ್ಯ ಕುರಿ ಅಲ್ಲ. ನಾನು ನೋಡಿದ ಈಗಿನ ಕುರಿಗಳಲ್ಲಿ ಯಾವುದಕ್ಕೂ ಇದರ ತಾಯಿ ಕಡೆ ಸೇರುವುದಿಲ್ಲ. ಈ ಕವಲು ಈಗ ಉಳಿದಿಲ್ಲವೋ ಏನೋ. ಹುಲಿ ಆಗಿದ್ರೆ ನನಗೆ ಇಷ್ಟು ಖುಷಿ ಆಗ್ತಿರ್ಲಿಲ್ಲ. ಮತ್ತೆ, ಎಂಜಲಿನಲ್ಲಿ ನಿಮ್ಮದೂ ಸರ್‌ದೂ ತಾಯಿ ಕಡೆ ಒಂದೇ."

"ಇವನು ನನ್ನ ಅಕ್ಕನ ಮಗ ಅಂತ ಹೇಳ್ಲಿಕ್ಕೆ ಮಿಷಿನ್ ಬೇಕಾ?" ಎಂದರು ಮಾವ, ಬೇಸರದಲ್ಲೇ. ಆಮೇಲೆ ಕೇಳಿದರು: "ಈ ಕುರಿಗೂ ಹುಲಿಗೂ ಎಂತದೂ ಸಂಬಂಧ ಇಲ್ವಾ?"

"ಉಂಟು ಅಂಕಲ್. ಬಹಳ ಬಹಳ ಹಿಂದೆ, ಕೋಟಿಗಟ್ಟಲೆ ವರ್ಷ ಹಿಂದೆ, ಎರಡಕ್ಕೂ ಒಬ್ಬಳೇ ಅಜ್ಜಿ. ಆಮೇಲೆ ಕವಲಾದದ್ದು."

ಮಾವ ಬಿಚ್ಚಿದ ಗುಂಡಿಯನ್ನು ಮತ್ತೆ ಹಾಕಿಕೊಂಡರು.

ಮರುದಿನ ಸಭೆಯಲ್ಲಿ ಬ್ಯಾನರು ಹಾಗೆಯೇ ಇತ್ತು. ಅಧಿಕಾರಿ ಅದನ್ನು ಓದಿ ಓದಿ ಮಾವನನ್ನು ನೋಡುತ್ತಿದ್ದರು. ನಾನು ಚಪ್ಪಲಿ ನೋಡುತ್ತಿದ್ದೆ. ಮಾವ ಮೈಕಿನ ಮುಂದೆ ನಿಂತರು.

"ಬ್ಯಾನರಿನಲ್ಲಿ ಸ್ವಲ್ಪ ತಪ್ಪುಂಟು. ನನ್ನ ಅಳಿಯ ಓದಿದವನು, ಮಂಡೆಯನ್ನು ಮಣಿಪಾಲಕ್ಕೆ ಒಯ್ದು ಪರೀಕ್ಷೆ ಮಾಡಿಸಿದ್ದಾನೆ. ಇದು ಕುರಿ." ಸಭೆ ಗೊಳ್ಳೆಂದಿತು. ಮಾವ ಕೈಯೆತ್ತಿದರು. "ನಗಾಡ್ಬೇಡಿ. ಹುಲಿಯೂ ಕುರಿಯೂ ಒಂದೇ ಅಜ್ಜಿಯ ಮಕ್ಕಳು ಅಂತ ಡಾಕ್ಟ್ರು ಹೇಳಿದ್ದಾರೆ. ಒಂದೇ ತರವಾಡು, ಒಂದೇ ಮೂಲಮನೆ. ಪಾಲಾಗುವಾಗ ಹಲ್ಲು ಅವರಿಗೆ ಹೋಯ್ತು, ಕೂದಲು ಇವರಿಗೆ ಬಂತು, ಅಷ್ಟೇ. ಮತ್ತೆ ಹುಲಿಯ ಕೂದಲು ಕಟ್ಟಿ ಹುಲಿ ಆಗುವುದರಲ್ಲಿ ಎಂತ ಉಂಟು? ಅದು ಹುಲಿಗೂ ಆಗ್ತದೆ. ಕುರಿಯ ಕೂದಲು ಕಟ್ಟಿ ನಾನು ನಿಮ್ಮ ಅಪ್ಪಂದಿರನ್ನು ಅಂಗಡಿಯ ಒಳಗೆ ಓಡಿಸಿದ್ದೇನೆ. ನೆನಪುಂಟಾ?"

ಮುಂದಿನ ಸಾಲಿನ ಮುದುಕರೆಲ್ಲ "ಉಂಟು, ಉಂಟು" ಎಂದು ಕೂಗಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಅರಣ್ಯಾಧಿಕಾರಿ. ಕೆಲಸ ತಪ್ಪಿದ ಸಂತೋಷ ಅವರ ಮುಖದಲ್ಲಿ ಸ್ಪಷ್ಟವಾಗಿತ್ತು.

ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮಾವ, "ಇನ್ನು ಇದು ಅಳಿಯನಿಗೆ" ಎಂದು ನನ್ನನ್ನು ವೇದಿಕೆಗೆ ಎಳೆದು ಮಂಡೆಯನ್ನು ತಲೆಗೆ ಕಟ್ಟಿಯೇಬಿಟ್ಟರು. ತಾಸೆ ಡೋಲಿನವರು ಬಾರಿಸತೊಡಗಿದರು. ಮಂಡೆಯೊಳಗೆ ಹಳೆಯ ಬೆವರಿನ ವಾಸನೆ, ಕತ್ತಲೆ. ಏನಾಯಿತೋ, ನನ್ನ ಕಾಲುಗಳು ಎದ್ದವು. ಎದೆ ಉಬ್ಬಿತು. ಎಡಕ್ಕೆ ಹಾರಿದೆ, ಬಲಕ್ಕೆ ಹಾರಿದೆ, ಒಂದು ಸಲ ಗರ್ಜಿಸಿದೆ. ಸಭೆ ಬೆಚ್ಚಿತು. ಅಧಿಕಾರಿ ಕುರ್ಚಿಯಿಂದ ಎದ್ದರು.

ಇದನ್ನು ಸಂಜೆ ದಿನಚರಿಯಲ್ಲಿ ಎರಡು ಪುಟ ಬರೆದು ಸುಗುಣನಿಗೆ ಓದಿ ಹೇಳಿದೆ. ಅವಳು ಪೂರ್ತಿ ಕೇಳಿದಳು. "ನಾನು ಎಲ್ಲ ಮೊಬೈಲಲ್ಲಿ ತೆಗ್ದಿದ್ದೇನೆ, ನೋಡ್ತೀರಾ?" ಎಂದಳು.

"ಹುಲಿಯ ಹಾಗೆ ಕಾಣ್ತದಾ?" ಎಂದು ಕೇಳಿದೆ.

"ಆ ಮಣಿಪಾಲದ ಹುಡುಗಿಯ ಪರೀಕ್ಷೆಯನ್ನು ನಾನು ಪೂರ್ತಿ ನಂಬಿದ್ದು ಅದನ್ನು ನೋಡಿದ ಮೇಲೆಯೇ ಮಾರಾಯ್ರೆ" ಎಂದಳು ಸುಗುಣ.

ಆ ವೀಡಿಯೊ ನಾನು ಇನ್ನೂ ನೋಡಿಲ್ಲ. ಈ ಒಂದು ವಿಷಯದಲ್ಲಿ ಮಾತ್ರ ನನ್ನ ನೆನಪನ್ನೇ ನಂಬುವುದೆಂದು ತೀರ್ಮಾನಿಸಿದ್ದೇನೆ.