ಒಣಶೌಚ ಪರ್ವ

ಬಹುಕಾಲದ ಹಿಂದೆ ಜಲಾವತಿ ಎಂಬ ರಾಜ್ಯವೊಂದಿತ್ತು. ಅಲ್ಲಿ ನೀರಿಗೆ ಬರವಿರಲಿಲ್ಲ. ಬುದ್ಧಿಗೆ ಆಗಾಗ ಬೀಳುತ್ತಿತ್ತು. ಅದರ ದೊರೆ ವಿಕಟವಿಕ್ರಮರು ಅಧ್ಯಯನ ಪ್ರವಾಸಕ್ಕೆಂದು ದ್ವೀಪಾಂತರ ತಿರುಗಿ ಬಂದರು. ಬಂದವರೇ ಸಿಂಹಾಸನದ ಮೇಲೆ ಕೂತು ನಿಟ್ಟುಸಿರಿಟ್ಟರು.

"ಅಲ್ಲಿನವರು ಕಾಗದದಲ್ಲಿ ಒರೆಸಿಕೊಳ್ತಾರೆ ಕಣ್ರಯ್ಯ. ನಾವಿನ್ನೂ ತೊಳಕೊಳ್ತಾ ಕೂತಿದ್ದೀವಿ."

ಸಭೆಯ ಮೂಲೆಯಲ್ಲಿ ಅಂದಿನ ವಾಚನಕ್ಕೆಂದು ಕಾವ್ಯದ ಕಟ್ಟು ಬಿಚ್ಚುತ್ತಿದ್ದ ಆಸ್ಥಾನದ ಗಮಕಿ ಸಿಂಗಾರಮ್ಮ ಅದನ್ನು ಮತ್ತೆ ಕಟ್ಟಿಟ್ಟಳು. ಅವಳ ಅಜ್ಜ ಕಣ್ಣು ಮಂಜಾಗುವವರೆಗೆ ಕೂತು ಪ್ರತಿಮಾಡಿದ್ದ ಕಾವ್ಯ ಅದು. ಒರೆಸುವ ಮಾತಿನ ಬಳಿ ಅದು ತೆರೆದಿರುವುದು ಅವಳಿಗೆ ಸರಿಕಾಣಲಿಲ್ಲ.

ಮಹಾಮಂತ್ರಿ ಸ್ತುತಿಪಾಲ ಕೈಮುಗಿದ. "ಮಹಾಪ್ರಭು, ಚೀನದ ಚಕ್ರವರ್ತಿಗಳಿಗೆ ಪರಿಮಳ ಪೂಸಿದ ಹಾಳೆಯೇ ಆಗಬೇಕಿತ್ತಂತೆ. ಪಶ್ಚಿಮದವರು ಜೋಳದ ದಿಂಡಿನಿಂದ ಹೊರಟು, ಗೋಡೆಗೆ ನೇತುಹಾಕಿದ ಹಳೇ ಪಂಚಾಂಗ ದಾಟಿ, ಸುರುಳಿಗೆ ತಲುಪಿದ್ದಾರೆ. ಚರಿತ್ರೆ ಮುಂದೆ ಹೋಗಿದೆ. ನಾವು ತಂಬಿಗೆ ಹಿಡಿದು ನಿಂತಿದ್ದೇವೆ."

ಒಣಶೌಚ ಮಿಷನ್ ಅಂದೇ ಉದ್ಘಾಟನೆಯಾಯಿತು. ತಂಬಿಗೆಗೆ ನಿಷೇಧ ಬಿತ್ತು.

ಪ್ರಜೆಗಳು ಆಜ್ಞೆ ಮೀರಲಿಲ್ಲ. ಸರತಿಯಲ್ಲಿ ನಿಂತು ಅರಮನೆ ಹಂಚಿದ ಕಾಗದ ಪಡೆದರು, ಕಣ್ಣಿಗೊತ್ತಿಕೊಂಡರು, ಮನೆಗೊಯ್ದು ದೇವರ ಮುಂದಿಟ್ಟು ಕುಂಕುಮ ಹಚ್ಚಿದರು. ಕಾಲು ತಗುಲಿದರೇ ನಮಸ್ಕರಿಸುವ ವಸ್ತುವನ್ನು ಅಲ್ಲಿಗೆ ಒಯ್ಯುವುದುಂಟೆ? ತಂಬಿಗೆಗಳು ಸೆರಗಿನ ಮರೆಯಲ್ಲಿ ಸಂಚರಿಸಿದವು.

"ಕಾಗದದಲ್ಲಿ ಸರಸ್ವತಿ ಇರುವುದೇ ತಾಂತ್ರಿಕ ಅಡಚಣೆ," ಎಂದು ಸ್ತುತಿಪಾಲ ವರದಿ ಕೊಟ್ಟ. ನವರಾತ್ರಿಯ ಕೊನೆಗೆ ಮಾಡುವಂತೆ ರಾಜಪುರೋಹಿತರು ರಾಜ್ಯದ ಸಮಸ್ತ ಕಾಗದದಿಂದ ಸರಸ್ವತಿಯನ್ನು ವಿಸರ್ಜಿಸಿದರು. ಇನ್ನು ಕಾಗದ ಬರೀ ಕಾಗದ ಎಂದು ಡಂಗುರ ಸಾರಲಾಯಿತು. ಅರಮನೆ ಕೊಂಡಿದ್ದ ಕಾಗದವೆಲ್ಲ ಪ್ರಜೆಗಳ ದೇವರ ಮುಂದಿದ್ದುದರಿಂದ, ಒರೆಸಲು ಹಾಳೆಗೆಂದು ಅರಮನೆಯ ಪುಸ್ತಕ ಭಂಡಾರದ ಬೀಗ ತೆಗೆದರು.

ಸಿಂಗಾರಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಸ್ವಾಮಿ, ಅದೇ ಚೀನದಲ್ಲಿ ಒಬ್ಬ ಪಂಡಿತರಿದ್ರಂತೆ. ಜ್ಞಾನಿಗಳ ಮಾತಿದ್ದ ಹಾಳೇನ ಆ ಕೆಲಸಕ್ಕೆ ಮುಟ್ತಿರಲಿಲ್ವಂತೆ."

"ಅದಕ್ಕೇ ಅವನು ಪಂಡಿತನಾಗೇ ಉಳಿದ ತಾಯಿ," ಎಂದ ಸ್ತುತಿಪಾಲ. "ಪಕ್ಕಕ್ಕೆ ಬನ್ನಿ."

ಭಂಡಾರದಲ್ಲಿದ್ದ ಅಜ್ಜನ ಕಟ್ಟು ನೇರ ರಾಜಶೌಚಾಲಯಕ್ಕೇ ಹೋಯಿತು. ಕಾಗದ ಮೃದುವಾಗಿತ್ತು.

ಮರುದಿನ ಬೆಳಗ್ಗೆ ಒಳಗಿನಿಂದ ದೊರೆಯ ಧ್ವನಿ ಕೇಳಿಸಿತು. "ನಾಯಕ ಕಾಡಿನ ಅಂಚಿಗೆ ಬಂದ, ಹಿಂದಿನಿಂದ ಯಾರೋ ಕೂಗಿದರು. ಯಾರದು? ಮುಂದಿನ ಹಾಳೆ ಎಲ್ಲಿ?"

"ಅದು ನಿನ್ನೆಯೇ ಬಳಕೆಯಾಗಿದೆ, ಪ್ರಭು," ಎಂದ ಸ್ತುತಿಪಾಲ, ಬಾಗಿಲಿಗೆ ಬಾಗಿ.

ಸಿಂಗಾರಮ್ಮನನ್ನು ಕರೆಸಿದರು. ಅವಳಿಗೆ ಆ ಪದ್ಯ ಉಸಿರಿನಷ್ಟು ಹತ್ತಿರ. ಆದರೂ ತಡೆದು ನಿಂತಳು.

"ಹೇಳ್ತೀನಿ ಬುದ್ಧಿ. ಉಳಿದ ಪುಸ್ತಕ ಯಾರೂ ಮುಟ್ಟಬಾರದು."

"ಆಯ್ತಮ್ಮ, ಬೇಗ ಹೇಳು. ಕಾಲು ಜೋಮು ಹಿಡೀತಿದೆ."

ಅವಳು ಕಣ್ಣುಮುಚ್ಚಿ ರಾಗವೆತ್ತಿದಳು. ದೊರೆ ತಲೆದೂಗಿದರು, ಹೊರಗೆ ಸ್ತುತಿಪಾಲ, ತಲೆದೂಗಿದ್ದು ಕಾಣದಿದ್ದರೂ, ತಾನೂ ತಲೆದೂಗಿದ. ಬರಬರುತ್ತಾ ದೊರೆಗೆ ಹೊರಬರಲು ಮನಸ್ಸೇ ಆಗಲಿಲ್ಲ. ಮಂತ್ರಿಮಂಡಲ ಬಾಗಿಲಲ್ಲೇ ಸಭೆ ಸೇರತೊಡಗಿತು. ಸಿಂಗಾರಮ್ಮನಿಗೆ ‘ಶೌಚಭಾರತಿ’ ಬಿರುದು ಬಂತು. ಪುಸ್ತಕಗಳು ಉಳಿದವು. ದೊರೆಯ ನಾಗರಿಕತೆಗೆ ಮಾತ್ರ ಹಾಳೆ ಬೇಕೇ ಬೇಕಾಗಿತ್ತು. ಸ್ತುತಿಪಾಲ ಪ್ರಜೆಗಳ ಹೊಲಮನೆಯ ಪತ್ರಗಳನ್ನು ಗಾಡಿಯಲ್ಲಿ ತರಿಸಿದ.

"ಇದು ನನ್ನ ಹೊಲ, ಬುದ್ಧಿ," ಎಂದು ಒಬ್ಬ ಮುದುಕ ಗಾಡಿ ಹಿಡಿದುಕೊಂಡ.

"ಸರಸ್ವತಿಯೇ ಇಲ್ಲದ ಕಾಗದದಲ್ಲಿ ಹೊಲ ಎಲ್ಲಿಂದ ಬಂತಪ್ಪ?" ಎಂದು ಸ್ತುತಿಪಾಲ ಮೆಲ್ಲನೆ ಅವನ ಬೆರಳು ಬಿಡಿಸಿದ.

ಸಿಂಗಾರಮ್ಮ ಅದನ್ನು ನೋಡಿದಳು. ಹಾಡು ನಿಲ್ಲಿಸಿದರೆ ಮತ್ತೆ ಪುಸ್ತಕಕ್ಕೆ ಕೈ ಬಿದ್ದು ಕಾವ್ಯ ಹೋಗುತ್ತದೆ, ಹಾಡಿದರೆ ಪತ್ರಗಳೆಲ್ಲ ಮುಗಿದು ಊರು ಹೋಗುತ್ತದೆ. ಒಳಗಿನಿಂದ ಪರ್‍ರನೆ ಹರಿದ ಸದ್ದಾಯಿತು. ಅದು ಯಾರ ಹೊಲವೋ.

"ಭೇಷ್," ಎಂದರು ದೊರೆ. "ಮುಂದಿನ ಪದ್ಯ?"