ಗುತ್ತೆವ್ವನ ಎಡಗಡೆಯ ಅರ್ಧ

೧೯೪೪ನೆಯ ಇಸವಿಯಲ್ಲಿ ಹಿರೇಕೆರೂರಿನ ಶಾರವ್ವನ ಮನೆಯಲ್ಲಿ ಮೂರೂವರೆ ಜನರಿದ್ದರು. ಗಂಡ ಹೂವಪ್ಪ, ಅತ್ತೆ ಗುತ್ತೆವ್ವ, ತಾನು. ನಾಲ್ಕು ವರ್ಷದ ಮಗಳು ರೇಶನ್ ಚೀಟಿಯ ಪ್ರಕಾರ ಅರ್ಧ.

ಆ ವರ್ಷ ಜೋಳ ಹಂಚುವ ಕಚೇರಿಗೆ ಹುಕುಂ ಬಂತು: "ಪೂರ್ಣಾಂಕದ ಮಗ್ಗುಲಲ್ಲಿ ಭಿನ್ನರಾಶಿ ಬರೆಯುವುದರಿಂದ ಗೊಂದಲವಾಗುತ್ತಿರುವ ಕಾರಣ, ಸಕಲ ಮಿಶ್ರ ಭಿನ್ನರಾಶಿಗಳನ್ನು ವಿಷಮ ಭಿನ್ನರಾಶಿಗಳಾಗಿ ಪರಿವರ್ತಿಸತಕ್ಕದ್ದು. ಪೂರ್ಣಾಂಕವನ್ನು ಛೇದದಿಂದ ಗುಣಿಸಿ ಅಂಶವನ್ನು ಕೂಡಿಸುವುದು. ಛೇದವನ್ನು ಯಾರೂ ಮುಟ್ಟಕೂಡದು."

ಕಾರಕೂನ ಮಹಾಲಿಂಗಪ್ಪ ಮೂರನ್ನು ಎರಡರಿಂದ ಗುಣಿಸಿ, ಒಂದು ಕೂಡಿಸಿ, ಶಾರವ್ವನ ಚೀಟಿಯ ಮೇಲೆ ಏಳು, ಅದರ ಕೆಳಗೆ ಎರಡು ಬರೆದ. ಲೆಕ್ಕ ಸರಿಯಾಗಿಯೇ ಇತ್ತು.

"ನಿನ್ನ ಮನ್ಯಾಗ ಈಗ ಏಳು ಅರ್ಧ ಮಂದಿ ಅದಾರ ನೋಡು ತಂಗಿ," ಅಂದ. "ಒಂದೊಂದು ಅರ್ಧನೂ ತಾನ ಬಂದು ಹೆಬ್ಬಟ್ಟು ಒತ್ತಿ ಜೋಳ ಒಯ್ಯಬೇಕು. ದೊಡ್ಡವರು ಮುಂಜಾನೆ ಬಲಗೈ, ಮಧ್ಯಾಹ್ನ ಎಡಗೈ."

"ಒಮ್ಮೆಗೇ ಎರಡೂ ಒತ್ತಿದ್ರ ಏನಾಗ್ತದ್ರಿ, ಸಾಹೇಬ್ರ?"

"ನೀ ಪೂರ್ಣ ಆಗ್ತಿ. ಪೂರ್ಣ ಇದ್ದವರಿಗೆ ಈಗ ಜೋಳ ಇಲ್ಲ."

ಶಾರವ್ವನಿಗೆ ಮೊದಮೊದಲು ಸಿಟ್ಟು ಬಂತು. ಆದರೆ ಸಿಟ್ಟಿಗೆ ರೊಟ್ಟಿ ಹುಟ್ಟುವುದಿಲ್ಲ. ಹಾಸಿಗೆ ಹಿಡಿದ ಗುತ್ತೆವ್ವನನ್ನು ಹೂವಪ್ಪ ವಾರಕ್ಕೊಂದು ದಿನ ಎರಡು ಸಲ ಹೊತ್ತು ತಂದ. ಶ್ರಾವಣದಲ್ಲಿ ಮುದುಕಿ ತೀರಿಕೊಂಡಳು. ಮಣ್ಣು ಮಾಡಿದ ಮೂರನೆಯ ದಿನ ಶಾರವ್ವ ಕಚೇರಿಗೆ ಹೋಗಿ ಹೇಳಿದಳು.

"ತೀರಿದ್ದು ಯಾವ ಅರ್ಧ?" ಎಂದ ಮಹಾಲಿಂಗಪ್ಪ.

"ಪೂರ್ತಿ ತೀರ್ಯಾರ್ರಿ."

"ಒಂದು ಅರ್ಜಿಗೆ ಒಂದ ಅರ್ಧ. ಜೀವ ಹೋದದ್ದು ಯಾವಾಗ?"

"ಮುಂಜಾನೆರಿ."

"ಹಂಗಾದ್ರ ಬಲಗಡೆದು." ಅವನು ಏಳನ್ನು ಹೊಡೆದು ಆರು ಮಾಡಿದ. "ಎಡಗಡೆ ತೀರಿದ್ದಕ್ಕ ಎಡಗೈ ಹೆಬ್ಬಟ್ಟು ತಂದುಕೊಡು."

ಹೆಬ್ಬಟ್ಟು ಮಣ್ಣಿನಲ್ಲಿತ್ತು. ಹೀಗಾಗಿ ಗುತ್ತೆವ್ವನ ಎಡಗಡೆ ಸರಕಾರದ ಲೆಕ್ಕದಲ್ಲಿ ಬದುಕಿ ಉಳಿಯಿತು. ಆಕೆ ಬಂದು ಒಯ್ಯುವತನಕ ಆಕೆಯ ಪಾಲಿನ ಜೋಳವನ್ನು ಅಂಗಡಿಕಾರ ಬಸವಣ್ಣೆಪ್ಪ ತನ್ನ ಮನೆಯಲ್ಲಿ ಕಾಯ್ದಿಡತಕ್ಕದ್ದೆಂದು ಆಜ್ಞೆಯಾಯಿತು. ಅಂಥ ಎಡಗಡೆಗಳು ಊರಲ್ಲಿ ಬಹಳ ಇದ್ದವು. ಬಸವಣ್ಣೆಪ್ಪ ಎರಡು ಹೊಸ ಕಣಜ ಕಟ್ಟಿಸಿದ. ಒಂದರ ಬೀಗದ ಕೈ ಮಹಾಲಿಂಗಪ್ಪನ ಉಡಿದಾರದಲ್ಲಿತ್ತು.

ವರ್ಷ ತುಂಬಿದ ದಿನ ಶಾರವ್ವ ಅತ್ತೆಯ ಹೆಸರಿಗೆ ಎಲೆ ಹಾಕಿ, ಬಲಗಡೆ ಮಾತ್ರ ಬಡಿಸಿದಳು. ಪಕ್ಕದ ಮನೆಯ, ಗಂಡ ತೀರಿಹೋಗಿದ್ದ ಹುಸೇನಬಿ ನೋಡಿ, "ಎಡಗಡೆ ಯಾಕ ಖಾಲಿ ಬಿಟ್ಟಿ?" ಎಂದಳು.

"ಅದು ಬಸವಣ್ಣೆಪ್ಪನವರ ಮನ್ಯಾಗ ಉಣ್ಣಾಕತ್ತೈತಲ್ಲಬೇ."

"ಹೌದವಾ," ಎಂದಳು ಹುಸೇನಬಿ, ಸೆರಗು ಸರಿಮಾಡಿಕೊಂಡು. "ನಮ್ಮ ಮನಿಯವರದೂ ಅಲ್ಲೇ ಐತಿ."