ಡಾಕ್ಟರ ತೋಳಿಗೆ ಬಿಡುವಿಲ್ಲ

ಹಲ್ಲಿನ ಡಾಕ್ಟರಿಗೆ ಐವತ್ತು ದಾಟಿದ ಮೇಲೆ ತಮಗೆ ತೋಳುಗಳೇ ಇಲ್ಲ ಎಂಬುದು ಗೊತ್ತಾಯಿತು. ಅಂಗಿಗೆ ತೋಳಿತ್ತು, ಅದರ ತುದಿಯಲ್ಲಿ ಕೈಯೂ ಹೊರಗೆ ಬರುತ್ತಿತ್ತು. ಎರಡರ ನಡುವೆ ಇರಬೇಕಾದದ್ದು ಮಾತ್ರ ಏನೂ ಇರಲಿಲ್ಲ.

ಅವತ್ತು ಕ್ಲಿನಿಕ್ಕಿನಲ್ಲಿ ಕುಡಿಯುವ ನೀರಿನ ದೊಡ್ಡ ಕ್ಯಾನು ಖಾಲಿಯಾಗಿತ್ತು. ಹೊಸದನ್ನು ಎತ್ತಿ ಯಂತ್ರದ ಮೇಲೆ ಕೂರಿಸಲು ಡಾಕ್ಟರು ಹೋದರು. ಕ್ಯಾನು ಅವರ ಮೊಣಕಾಲಿನ ತನಕ ಬಂದು, ಇನ್ನು ಮೇಲೆ ಬರಲೊಲ್ಲೆ ಎಂದು ಕೂತುಬಿಟ್ಟಿತು. ಸಾಲಾಗಿ ಕಾದಿದ್ದ ರೋಗಿಗಳು ಕೆನ್ನೆಯ ಮೇಲಿನ ಕೈ ತೆಗೆಯದೆಯೇ ನೋಡುತ್ತಿದ್ದರು. ಅಷ್ಟರಲ್ಲಿ ಅವರ ಹೆಂಡತಿ ಬಂದರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಅವರನ್ನು ಊರೆಲ್ಲ ಟೀಚರು ಎಂದೇ ಕರೆಯುತ್ತಿತ್ತು; ಡಾಕ್ಟರೂ ಮನಸ್ಸಿನಲ್ಲಿ ಹಾಗೇ ಕರೆಯುತ್ತಿದ್ದರು. ಟೀಚರು ಹೆಗಲ ಚೀಲವನ್ನೂ ಇಳಿಸದೆ ಕ್ಯಾನನ್ನು ಎತ್ತಿ ಕೂರಿಸಿ, "ನೀವು ಬಿಡ್ರೀ, ನಿಮ್ಮ ಕೈಲಾಗೋದಲ್ಲ" ಎಂದರು. ಸಿಟ್ಟಿನಿಂದಲ್ಲ, ಪ್ರೀತಿಯಿಂದಲೇ. ಅದೇ ಡಾಕ್ಟರ ಎದೆಗೆ ನಾಟಿದ್ದು.

ಮಾರನೆಯ ದಿನವೇ ಪಕ್ಕದ ಬೀದಿಯ ಜಿಮ್ಮಿಗೆ ಸೇರಿದರು. ಅಲ್ಲಿನ ಕೋಚ್, ಮನೆ ಕೊಳ್ಳಲು ಬಂದವರು ಗೋಡೆಯ ಬಿರುಕು ನೋಡುವ ಹಾಗೆ ಡಾಕ್ಟರ ಸುತ್ತ ಒಂದು ಸುತ್ತು ಬಂದು ಹೇಳಿದ: "ದಿನ ಬಿಟ್ಟು ದಿನ ಬನ್ನಿ ಸಾರ್. ನಡುವಿನ ದಿನ ಏನೂ ಮಾಡಬೇಡಿ. ಚೆನ್ನಾಗಿ ಊಟ, ಚೆನ್ನಾಗಿ ನಿದ್ದೆ. ಮೈ ಗಟ್ಟಿಯಾಗೋದು ಇಲ್ಲಿ ಭಾರ ಎತ್ತುವಾಗ ಅಲ್ಲ, ಮನೇಲಿ ಮಲಗಿದಾಗ."

ಡಾಕ್ಟರು ತಲೆಯಾಡಿಸಿದರು. ಮಲಗಿದರೆ ಮೈ ಗಟ್ಟಿಯಾಗುವುದಾದರೆ ತಮ್ಮ ಭಾವಮೈದುನ ಇಷ್ಟು ಹೊತ್ತಿಗೆ ಪೈಲ್ವಾನನಾಗಿರಬೇಕಿತ್ತು ಎಂದು ಒಳಗೊಳಗೇ ಅಂದುಕೊಂಡರು. (ಭಾವಮೈದುನನ ಬಗ್ಗೆ ಇಷ್ಟು ಸಾಕು. ಟೀಚರು ಇದನ್ನು ಓದುವ ಸಂಭವವಿದೆ.) ಬೇರೆಯವರು ಮೂವತ್ತು ವರ್ಷಗಳಲ್ಲಿ ಬೆಳೆಸಿಕೊಂಡದ್ದನ್ನು ತಾವು ಒಂದು ವರ್ಷದಲ್ಲಿ ಬೆಳೆಸಬೇಕಾಗಿರುವಾಗ ನಡುವೆ ರಜೆ ಎಲ್ಲಿಂದ ತರುವುದು?

ಹಾಗಾಗಿ ಯಾರಿಗೂ ಹೇಳದೆ, ಊರಿನ ಆ ತುದಿಯ ಇನ್ನೊಂದು ಜಿಮ್ಮಿಗೂ ಸೇರಿದರು. ಇಲ್ಲಿ ಬಿಡುವಿದ್ದ ದಿನ ಅಲ್ಲಿ, ಅಲ್ಲಿ ಬಿಡುವಿದ್ದ ದಿನ ಇಲ್ಲಿ. ಎರಡು ಸಂಸಾರ ಹೂಡಿದ ಗಂಡಸಿನ ಪಾಡೆಲ್ಲ ಅಲ್ಲಿಗೆ ಶುರುವಾಯಿತು. ನಿನ್ನೆ ಏನು ಮಾಡಿದಿರಿ ಎಂದು ಇಲ್ಲಿಯವನು ಕೇಳಿದರೆ ವಿಶ್ರಾಂತಿ, ಅಲ್ಲಿಯವನು ಕೇಳಿದರೂ ವಿಶ್ರಾಂತಿ. ಟವೆಲ್ಲು ಎರಡು, ನೀರಿನ ಬಾಟಲಿ ಎರಡು, ಸುಳ್ಳು ಮಾತ್ರ ಒಂದೇ.

ಮೊದಮೊದಲು ಲಾಭವೇ ಕಂಡಿತು. ಕನ್ನಡಿಯ ಮುಂದೆ ತೋಳು ಮಡಚಿದರೆ ನೆಲ್ಲಿಕಾಯಿಯಷ್ಟು ದೊಡ್ಡ ಉಬ್ಬೊಂದು ಏಳುತ್ತಿತ್ತು. ಅದನ್ನು ಟೀಚರಿಗೆ ತೋರಿಸಿದಾಗ ಅವರು ಕನ್ನಡಕ ಏರಿಸಿ ನೋಡಿ, "ಸೊಳ್ಳೆ ಕಚ್ಚಿತಾ?" ಎಂದು ಕೇಳಿದರು. ಇದು ಸಾಲದು ಎಂದು ಡಾಕ್ಟರು, ಜಿಮ್ಮುಗಳಿಗೆ ರಜೆಯಿದ್ದ ಭಾನುವಾರಗಳನ್ನೂ ಸೇರಿಸಿಕೊಂಡರು. ಮನೆಯ ಹಿಂದಿನ ವರಾಂಡದಲ್ಲಿ ಬಟ್ಟೆ ನೆನೆಸುವ ಬಕೆಟ್ಟುಗಳಿಗೆ ನೀರು ತುಂಬಿ ಎತ್ತತೊಡಗಿದರು.

ಆಮೇಲೆ ಒಂದೊಂದೇ ತಿರುಗಿಬಿತ್ತು. ಹಿಂದಿನ ವಾರ ಎತ್ತಿದ ಭಾರ ಈ ವಾರ ಮೇಲೇಳಲಿಲ್ಲ. ಮೈ ದಣಿದು ಹಾಸಿಗೆಗೆ ಬಿದ್ದರೂ ನಿದ್ದೆ ಹತ್ತಿರ ಸುಳಿಯಲಿಲ್ಲ. ಸುಮ್ಮನೆ ಕುಳಿತಾಗಲೂ ಎದೆ, ಬಸ್ಸು ಹಿಡಿಯಲು ಓಡುವವರ ಎದೆಯ ಹಾಗೆ ಡವಡವ ಎನ್ನುತ್ತಿತ್ತು. ಊಟ ಸೇರದು. ಬಾಯಿ ತೆರೆಯಲು ತಡಮಾಡಿದ ರೋಗಿಯ ಮೇಲೆ ರೇಗಿದರು. ಆತ ಬಾಯಿ ತೆರೆದಾಗ, ಇಷ್ಟು ದೊಡ್ಡದಾಗಿ ಯಾಕೆ ತೆರೆದಿರಿ ಎಂದು ಮತ್ತೆ ರೇಗಿದರು. ಕೊನೆಗೆ, ಇಷ್ಟು ವರ್ಷ ನೆಚ್ಚಿಕೊಂಡಿದ್ದ ಬಲಗೈಯೇ ಕೈಕೊಟ್ಟಿತು. ಹಲ್ಲು ನೋಡುವ ಸಣ್ಣ ಕನ್ನಡಿ ಹಿಡಿದರೆ ಅದು ಸಣ್ಣಗೆ ನಡುಗತೊಡಗಿತು.

ಡಾಕ್ಟರ ಜೀವ ಬಾಯಿಗೆ ಬಂತು. ಹಲ್ಲಿನ ಡಾಕ್ಟರಾದರೂ ಅವರು ಓದುವಾಗ ಇಡೀ ಮೈಯನ್ನು ಓದಿದ್ದವರು. ನೆನಪಿದ್ದದ್ದು ಮಾತ್ರ ಹೆದರಿಕೊಳ್ಳಲು ಬೇಕಾದಷ್ಟೇ. ನಡುಕ ಎಂದರೆ ನರವೇ? ಎದೆ ಡವಡವ ಎಂದರೆ ಹೃದಯವೇ? ಎರಡೂ ಒಟ್ಟಿಗೆ ಬಂದಿರಬಹುದೇ? ಟೀಚರಿಗೆ ಹೇಳಲು ಬಾಯಿ ಬರಲಿಲ್ಲ. ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಭಯ. ಅದರ ಬದಲು ಒಂದು ಸಂಜೆ ಅವರನ್ನು ಕರೆದು, ಗೀಸರ್ ಕೆಟ್ಟರೆ ಯಾವ ಸ್ವಿಚ್ಚು ಆರಿಸಬೇಕು, ಮೇಲಿನ ಟ್ಯಾಂಕಿನ ನೀರು ಎಲ್ಲಿ ನಿಲ್ಲಿಸಬೇಕು ಎಂದು ತೋರಿಸಿಕೊಟ್ಟರು.

"ಯಾಕೆ, ನೀವೆಲ್ಲಿಗೆ ಹೊರಟಿದೀರಿ?" ಎಂದರು ಟೀಚರು.

"ಎಲ್ಲಿಗೂ ಇಲ್ಲ. ಗೊತ್ತಿರಲಿ ಅಂತ."

"ಇಪ್ಪತ್ತು ವರ್ಷದಿಂದ ನಾನೇ ನಿಲ್ಲಿಸ್ತಿರೋದು ಅದನ್ನ."

ಇಂಥ ಹೊತ್ತಿನಲ್ಲೇ ಅತ್ತೆಯವರಿಗೆ ದವಡೆ ಹಲ್ಲು ನೋವು ಶುರುವಾಯಿತು. ಎರಡು ಬೀದಿ ಆಚೆ ಮಗನ ಮನೆಯಲ್ಲಿದ್ದ ಅವರು, ಅಳಿಯಂದಿರ ಕೈ ಹೂವಿನಷ್ಟು ಹಗುರ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದವರು. ಬೇರೆ ಯಾರ ಮುಂದೆಯೂ ಬಾಯಿ ತೆರೆದವರಲ್ಲ (ಹಲ್ಲಿನ ವಿಚಾರದಲ್ಲಿ). ಡಾಕ್ಟರು ಮೊದಲು ಮಾತ್ರೆ ಕೊಟ್ಟರು, ಆಮೇಲೆ ಇನ್ನೊಂದು ಮಾತ್ರೆ ಕೊಟ್ಟರು, ಊತ ಇಳಿಯಲಿ ಎಂದರು, ಊತ ಇಳಿದ ಮೇಲೆ ಇನ್ನೂ ಇಳಿಯಲಿ ಎಂದರು.

"ನಮ್ಮಮ್ಮ ಅಂದ್ರೆ ನಿಮಗೆ ಅಷ್ಟು ತಾತ್ಸಾರಾನಾ?" ಎಂದು ಟೀಚರು ಕೇಳಿದ ಮೇಲೆ ಉಪಾಯವಿರಲಿಲ್ಲ. ಶನಿವಾರ ಮಧ್ಯಾಹ್ನ ಅತ್ತೆಯವರು ಕುರ್ಚಿಯ ಮೇಲೆ ಒರಗಿದರು. ಮಗಳು ಪಕ್ಕದಲ್ಲಿ ನಿಂತರು. ಹೇಗೋ ಉಸಿರು ಬಿಗಿಹಿಡಿದು ಎಡಗೈಯಿಂದ ಬಲಗೈಯನ್ನು ಒತ್ತಿಕೊಂಡು ಡಾಕ್ಟರು ಇಂಜೆಕ್ಷನ್ ಕೊಟ್ಟು ಮುಗಿಸಿದರು. ಆದರೆ ಇಕ್ಕಳ ಕೈಗೆತ್ತಿಕೊಂಡಾಗ ಅದು ತಟ್ಟೆಯ ಅಂಚಿಗೆ ತಾಗಿ ಕಿಣಿಕಿಣಿ ಎಂದಿತು. ಬಿಗಿಯಾಗಿ ಹಿಡಿದಷ್ಟೂ ಕಿಣಿಕಿಣಿ ಜಾಸ್ತಿಯಾಯಿತು. ಅತ್ತೆಯವರು ಒಂದು ಕಣ್ಣು ತೆರೆದು ನೋಡಿದರು. ಡಾಕ್ಟರು ಇಕ್ಕಳವನ್ನು ಕೆಳಗಿಟ್ಟರು.

"ಇವತ್ತು ಬೇಡ."

"ಬೇಡ ಅಂದ್ರೆ? ಅಮ್ಮನ ಅರ್ಧ ಮುಖ ಮರಗಟ್ಟಿಸಿ ಈಗ ಬೇಡವಾ?"

"ನನಗೇನೋ ಆಗಿದೆ ಕಣೇ," ಎಂದರು ಡಾಕ್ಟರು. ಕೈ ಮುಂದೆ ಚಾಚಿ ತೋರಿಸಿದರು. ಬೆರಳುಗಳು ನಡುಗುತ್ತಿದ್ದವು. "ಎದೇನೂ ಸರಿಯಿಲ್ಲ. ನಿದ್ದೆ ಬಂದು ಎಷ್ಟೋ ದಿನ ಆಯ್ತು. ನಿಂಗೆ ಹೇಗೆ ಹೇಳೋದು ಅಂತ ಗೊತ್ತಾಗಲಿಲ್ಲ."

ಟೀಚರ ಮುಖದ ಬಣ್ಣ ಇಳಿದುಹೋಯಿತು. ಬಯ್ಯಲು ಎತ್ತಿದ್ದ ಕೈಯಿಂದಲೇ ಗಂಡನ ಕೈ ಹಿಡಿದುಕೊಂಡರು. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಒಬ್ಬ ಡಾಕ್ಟರಮ್ಮ ಇದ್ದರು. ಮೈಯ ಕಾಯಿಲೆಗಳೆಲ್ಲ ಅವರ ಪಾಲು. ಟೀಚರು ಹಿಡಿದ ಕೈ ಬಿಡದೆ ಗಂಡನನ್ನು ಮೆಟ್ಟಿಲು ಹತ್ತಿಸಿದರು. ಗಂಡನ ಕೈ ನಡುಗುತ್ತಿದೆಯೋ ತಮ್ಮದೇ ನಡುಗುತ್ತಿದೆಯೋ ಅವರಿಗೆ ತಿಳಿಯುತ್ತಿರಲಿಲ್ಲ. ಅತ್ತೆಯವರನ್ನು ಕುರ್ಚಿಯಲ್ಲೇ ಮರೆತು ಬಂದದ್ದು ಇಬ್ಬರಿಗೂ ಹೊಳೆಯಲಿಲ್ಲ.

ಡಾಕ್ಟರಮ್ಮ ನಾಡಿ ನೋಡಿದರು, ಎದೆಯ ಚಿತ್ರ ತೆಗೆದರು, ಮೊಣಕಾಲು ತಟ್ಟಿದರು, ರಕ್ತ ತೆಗೆಸಿದರು. ನಂತರ ಕೇಳಿದರು, "ಇತ್ತೀಚೆಗೆ ಹೊಸದಾಗಿ ಏನಾದರೂ ಶುರುಮಾಡಿದೀರಾ?"

"ಸ್ವಲ್ಪ ಭಾರ ಎತ್ತುತ್ತೀನಿ. ದಿನ ಬಿಟ್ಟು ದಿನ."

"ನಡುವಿನ ದಿನ?"

ಡಾಕ್ಟರು ಚಾವಣಿ ನೋಡಿದರು. "ನಡುವಿನ ದಿನ ಇನ್ನೊಂದು ಕಡೆ."

"ಇನ್ನೊಂದು ಕಡೆ ಅಂದ್ರೆ?" ಎಂದರು ಟೀಚರು. ಸಂಸಾರದಲ್ಲಿ ಈ ಪ್ರಶ್ನೆಯನ್ನು ಯಾವ ದನಿಯಲ್ಲಿ ಕೇಳುತ್ತಾರೋ ಅದೇ ದನಿಯಲ್ಲಿ.

ಎಲ್ಲ ಹೊರಗೆ ಬಿತ್ತು. ಎರಡು ಜಿಮ್ಮು, ಎರಡು ಟವೆಲ್ಲು, ಭಾನುವಾರದ ಬಕೆಟ್ಟು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ರಕ್ತದ ರಿಪೋರ್ಟು ಬರಲಿ, ಆದರೆ ನನಗನ್ನಿಸೋ ಮಟ್ಟಿಗೆ ನಿಮಗೆ ಬೇರೆ ಕಾಯಿಲೆ ಇಲ್ಲ ಡಾಕ್ಟ್ರೇ. ನಮ್ಮ ವಯಸ್ಸಿನಲ್ಲಿ ಮೈ ಸುಧಾರಿಸಿಕೊಳ್ಳೋಕೆ ಹೊತ್ತು ಬೇಕು. ನೀವು ಅದಕ್ಕೆ ಉಸಿರಾಡೋಕೂ ಬಿಟ್ಟಿಲ್ಲ. ಮೂರು ವಾರ ಏನೂ ಎತ್ತಬೇಡಿ. ಊಟ ಮಾಡಿ, ಮಲಗಿ. ಆಮೇಲೆ ಹಗುರವಾಗಿ ಶುರುಮಾಡಿ."

ಟೀಚರು ಕಣ್ಣೊರೆಸಿಕೊಂಡರು. ಒರೆಸಿಕೊಂಡಾದ ಮೇಲೆ ಅದೇ ಕಣ್ಣಿಂದ ಗಂಡನನ್ನು ನೋಡಿದರು. ಕಾಯಿಲೆಯೇ ಆಗಿದ್ದರೆ ವಾಸಿಯಿತ್ತು ಎಂದು ಆ ಕ್ಷಣ ಡಾಕ್ಟರಿಗೆ ಅನ್ನಿಸಿತು.

ಆಗ ಬಾಗಿಲು ತೆರೆದು ಅತ್ತೆಯವರು ಬಂದರು. ಬಾಯಲ್ಲಿ ಹತ್ತಿ, ಕೈಯಲ್ಲಿ ಕಾಗದದ ಪೊಟ್ಟಣ. ತೊದಲುತ್ತಲೇ ವಿಷಯ ತಿಳಿಸಿದರು: ಮರಗಟ್ಟಿದ ಬಾಯಿ ಸುಮ್ಮನೆ ದಂಡವಾಗಬಾರದೆಂದು ರಸ್ತೆ ದಾಟಿ, ಎದುರುಗಡೆ ಹೊಸದಾಗಿ ಹಲ್ಲಿನ ಕ್ಲಿನಿಕ್ ತೆರೆದಿರುವ ಇನ್ನೊಬ್ಬ ಡಾಕ್ಟರಮ್ಮನ ಹತ್ತಿರ ಹಲ್ಲು ಕೀಳಿಸಿಕೊಂಡು ಬಂದಿದ್ದರು.

"ಪಾಪ, ಎಂಥಾ ಕೈ ಅಂತೀರಿ ಅಳಿಯಂದಿರೇ," ಎಂದರು. "ಹೂವಿನ ಹಾಗೆ."

ವಿಶ್ರಾಂತಿಯೆಂಬ ಶಿಕ್ಷೆ ಅಂದೇ ಜಾರಿಗೆ ಬಂತು. ಬಕೆಟ್ಟುಗಳು ಅಟ್ಟ ಸೇರಿದವು. ರಕ್ತದ ರಿಪೋರ್ಟಿನಲ್ಲಿ ದೋಷವೇನೂ ಇರಲಿಲ್ಲ. ಮೊದಲ ವಾರ ಡಾಕ್ಟರು ಮಂಚದ ಮೇಲೆ ಮಲಗಿ, ಕಷ್ಟಪಟ್ಟು ಬೆಳೆಸಿದ ತೋಳು ಬಿಸಿಲಿಗಿಟ್ಟ ಬೆಣ್ಣೆಯಂತೆ ಕರಗುತ್ತಿರುವುದನ್ನು ಊಹಿಸಿಕೊಂಡು ಸಂಕಟಪಟ್ಟರು. ಎರಡನೆಯ ವಾರ ನಿದ್ದೆ ಬಂತು, ಬಂದದ್ದು ಹೋಗಲೇ ಇಲ್ಲ. ಎದೆ ತನ್ನ ಪಾಡಿಗೆ ತಾನು ಬಡಿದುಕೊಳ್ಳತೊಡಗಿತು. ಒಂದು ಬೆಳಿಗ್ಗೆ ಆ ಸಣ್ಣ ಕನ್ನಡಿ ಹಿಡಿದರೆ ಅದು ಕದಲಲಿಲ್ಲ. ಡಾಕ್ಟರು ಅದನ್ನು ಟೀಚರಿಗೆ ತೋರಿಸಿದಾಗ ಅವರು ಆ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದರು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಒಳ್ಳೆಯದಿತ್ತು. ಆದರೆ ಮೂರನೆಯ ವಾರ ತುಂಬುವ ಮೊದಲೇ ಡಾಕ್ಟರಿಗೆ ತಡೆಯಲಾಗಲಿಲ್ಲ. ಪಕ್ಕದ ಬೀದಿಯ ಕೋಚನ ಕಿವಿಗೆ ಟೀಚರು ಎಲ್ಲ ಊದಿದ್ದರು; ಅಲ್ಲಿ ಬಾಗಿಲು ಮುಚ್ಚಿದಂತೆಯೇ. ಆದರೆ ಆ ತುದಿಯ ಜಿಮ್ಮು ಎಲ್ಲಿದೆ ಎಂದು ಟೀಚರಿಗೆ ಹೇಗೆ ಗೊತ್ತಿರಬೇಕು? ಸಾಮಾನು ತರುವ ನೆಪ ಹೇಳಿ ಹೊರಟರು.

ಒಳಗೆ ಹೋಗುವಲ್ಲಿ ಮೇಜಿನ ಹಿಂದಿದ್ದ ಹೆಣ್ಣುಮಗಳು, "ಒಂದ್ನಿಮಿಷ ಸಾರ್" ಎಂದಳು. ಅವಳ ಹಿಂದಿನ ಗೋಡೆಯ ಮೇಲೆ ಡಾಕ್ಟರ ಫೋಟೋ ಅಂಟಿಸಿತ್ತು. ಮೂರು ವರ್ಷದ ಹಿಂದಿನ, ಅರ್ಧ ತೋಳಿನ ಅಂಗಿಯದು. ಕೆಳಗೆ ಟೀಚರ ಮುತ್ತಿನಂಥ ಅಕ್ಷರ: ಇವರಿಗೆ ಸದ್ಯಕ್ಕೆ ಏನನ್ನೂ ಎತ್ತಲು ಕೊಡಬಾರದು.

ಡಾಕ್ಟರು ಧೈರ್ಯ ತಂದುಕೊಂಡರು. ಇಷ್ಟು ತಿಂಗಳ ದುಡಿಮೆ ಈಗಲಾದರೂ ಕೆಲಸಕ್ಕೆ ಬರಲಿ ಎಂದು ಎದೆ ಉಬ್ಬಿಸಿ, ತೋಳುಗಳನ್ನು ಸ್ವಲ್ಪ ಅಗಲ ಮಾಡಿ ನಿಂತು, "ಅವರು ಬೇರೆ ಯಾರೋ ಇರಬೇಕಮ್ಮ. ಆ ತೋಳು ನೋಡು, ಈ ತೋಳು ನೋಡು" ಎಂದರು.

ಆಕೆ ಫೋಟೋವನ್ನು ನೋಡಿದಳು, ಡಾಕ್ಟರನ್ನು ನೋಡಿದಳು, ಮತ್ತೆ ಫೋಟೋವನ್ನು ನೋಡಿದಳು.

"ನೀವೇ ಸಾರ್," ಎಂದಳು. "ಒಂದು ಚೂರೂ ಬದಲಾಗಿಲ್ಲ."